ಹೊಸ್ತಿಲಿಗೆ ಮರಳಿದ ತಾಂಬೂಲ

ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಗೋದಮ್ಮ ಬಾಗಿಲು ತೆರೆದಾಗ ಹೊಸ್ತಿಲ ಮೇಲೆ ಒಂದು ತಾಂಬೂಲ ಇತ್ತು.

ಎರಡು ವೀಳ್ಯದೆಲೆ, ಒಂದು ಬಟ್ಟಲಡಿಕೆ, ಅರಿಶಿನದ ಕೊಂಬು, ಮಡಿಕೆ ಬಿಚ್ಚದ ಹಸಿರು ರವಿಕೆ ಕಣ. ಎಲೆಯ ಮೇಲೆ, ಗಾಳಿಗೆ ಹಾರದ ಹಾಗೆ ಅಡಿಕೆಯ ಅಡಿಗೆ ಸಿಕ್ಕಿಸಿದ್ದ ಒಂದು ಕೂಪನ್. ಎಲೆ ಹೊಸದು, ಚಿಮುಕಿಸಿದ ನೀರು ಇನ್ನೂ ಆರಿರಲಿಲ್ಲ. ರವಿಕೆ ಕಣ ಮಾತ್ರ ಹಿಂದಿನ ತಿಂಗಳದು. ವರಮಹಾಲಕ್ಷ್ಮಿ ಹಬ್ಬದ ಸಂಜೆ ಗೋದಮ್ಮ ತನ್ನ ಕೈಯಾರೆ ಕೊಟ್ಟದ್ದು.

ಹಿಂದಿನ ರಾತ್ರಿ ಚಂದ್ರಗ್ರಹಣವಾಗಿತ್ತು. ಹೊಸ್ತಿಲು ತೊಳೆಯಲೆಂದೇ ಅವಳು ಬೇಗ ಎದ್ದಿದ್ದಳು. ಅಂದಿನಿಂದ ಪಿತೃಪಕ್ಷ. ಆ ಹದಿನೈದು ದಿನ ಯಾರೂ ಯಾರಿಗೂ ತಾಂಬೂಲ ಕೊಡುವುದಿಲ್ಲ. ಇನ್ನು ಹಿಂದಕ್ಕೆ ಕೊಡುವುದಂತೂ ಹೊಳೆನರಸೀಪುರದ ಕೋಟೆ ಬೀದಿಯಲ್ಲಿ ಯಾವ ಪಕ್ಷದಲ್ಲೂ ಇಲ್ಲ. ಅದಕ್ಕೆ ಸಂದರ್ಭ ಒಂದೇ: ನಿಶ್ಚಯವಾದ ಮದುವೆ ಮುರಿದಾಗ, ಒಪ್ಪಿಕೊಂಡಿದ್ದ ತಾಂಬೂಲವನ್ನು ತಟ್ಟೆಯಲ್ಲಿಟ್ಟು ಕೊಟ್ಟವರ ಮನೆಗೆ ಮುಟ್ಟಿಸುತ್ತಾರೆ. ಹಾಗೆ ಮುಟ್ಟಿಸುವವರು ಜಗಳ ಆಡುವುದಿಲ್ಲ, ಆ ಮನೆಯಲ್ಲಿ ನೀರನ್ನೂ ಕುಡಿಯುವುದಿಲ್ಲ. ತಟ್ಟೆ ಇಟ್ಟು ಹೋಗುತ್ತಾರೆ.

ಮಗಳು ಶ್ರೀಗೌರಿ ಏಳುವುದರೊಳಗೆ ಗೋದಮ್ಮ ಎಲ್ಲವನ್ನೂ ಸೆರಗಿಗೆ ಹಾಕಿಕೊಂಡು ಒಳಗೆ ತಂದಳು. ಕೂಪನ್ನಿನ ಸುತ್ತ ಬಂಗಾರದ ಬಣ್ಣದ ಅಂಚು, ನಡುವೆ ಲಕ್ಷ್ಮಿಯ ಚಿತ್ರ. 'ಈ ಕೂಪನ್ ತಂದ ಪ್ರತಿ ಸುಮಂಗಲಿಗೂ ಒಂದು ಬೆಳ್ಳಿಯ ಕುಂಕುಮ ಭರಣಿ ಉಚಿತ. ಖರೀದಿ ಕಡ್ಡಾಯವಲ್ಲ. ದೀಪಾವಳಿಯವರೆಗೆ. ಹೊನ್ನಕಳಶ ಜ್ಯುವೆಲ್ಲರ್ಸ್, ಚನ್ನರಾಯಪಟ್ಟಣ.'

ಹೊನ್ನಕಳಶದ ಮಾಲೀಕ ರಜನೀಶ್. ಹಳೇ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ರುದ್ರಯ್ಯನವರ ಮಗ. ನಾಲ್ಕನೇ ತರಗತಿಯವರೆಗೆ ಗೋದಮ್ಮ ಪಾಠ ಹೇಳುತ್ತಿದ್ದ ಶಾಲೆಯಲ್ಲೇ ಓದಿದವನು. ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಅವಳೇ. ವರಮಹಾಲಕ್ಷ್ಮಿ ಹಬ್ಬಕ್ಕೆ ಒಂದು ವಾರ ಇರುವಾಗ ಬಿಳಿ ಕಾರಿನಲ್ಲಿ ಬಂದು ಇಳಿದವನೇ ಜಗಲಿಯ ಮೇಲೆಯೇ ಕಾಲಿಗೆ ಬಿದ್ದಿದ್ದ. ಬೀದಿಯವರೆಲ್ಲ ನೋಡಿದ್ದರು. ಪೇಪರಿನಲ್ಲೂ ಜಾಹೀರಾತು ಕೊಟ್ಟಿದ್ದೇನೆ ಮಿಸ್, ಆದರೆ ಪೇಪರಿನದನ್ನು ಯಾರು ನಂಬುತ್ತಾರೆ, ನಿಮ್ಮ ಕೈಯಿಂದ ಹೋದರೆ ಅದಕ್ಕೊಂದು ಬೆಲೆ ಎಂದಿದ್ದ. ಗೋದಮ್ಮನ ಶುಕ್ರವಾರದ ಭಜನಾ ಮಂಡಳಿಗೆ ಕೋಟೆಯವರಲ್ಲದೆ ಪೇಟೆಯವರು, ಹೊಳೆಬದಿಯವರು ಎಲ್ಲರೂ ಬರುತ್ತಿದ್ದರು. ಆ ವರ್ಷ ಅವಳು ಕಟ್ಟಿದ ಒಂದೊಂದು ತಾಂಬೂಲದಲ್ಲೂ ಒಂದೊಂದು ಕೂಪನ್ ಇತ್ತು.

ಕಾರಿನಲ್ಲಿ ಬಂದ ದಿನವೇ ರಜನೀಶನ ಕೈಗೆ ಅವಳೂ ಒಂದನ್ನು ಕೊಟ್ಟಿದ್ದಳು: ತನ್ನ ತಾಯಿಯ ಕಾಸಿನ ಸರ. ಕಾರ್ತಿಕದಲ್ಲಿ ಶ್ರೀಗೌರಿಯ ಮದುವೆ. ವೈಶಾಖದ ನಿಶ್ಚಿತಾರ್ಥದಲ್ಲಿ ಅರಕಲಗೂಡಿನ ಬೀಗರು ಆ ಸರವನ್ನು ನೋಡಿದ್ದರು. ಇದನ್ನೇ ಕರಗಿಸಿ ಈಗಿನ ಕಾಲದ ಹಾರ ಮಾಡಿಸಿ ಹಾಕುತ್ತೇವೆ ಎಂದು ಗೋದಮ್ಮ ಎಲ್ಲರ ಮುಂದೆ ಹೇಳಿದ್ದಳು. ರಜನೀಶ್ ಮಜೂರಿ ಬೇಡ ಎಂದ. ತಾನೇ ತಂದಿದ್ದ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಎರಡೂ ಕೈಯಿಂದ ಅವಳಿಗೆ ಕೊಟ್ಟು, ಸರವನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋದ.

ಅವಳ ಗಂಡ ಚನ್ನಕೇಶವಯ್ಯ ಅಂಚೆ ಇಲಾಖೆಯಿಂದ ನಿವೃತ್ತರಾದವರು. ಅವತ್ತು ಸಂಜೆ ಪೇಟೆಯಿಂದ ಬಂದವರು ಕೇಳಿದ್ದು ಒಂದೇ ಮಾತು.

"ಚೀಟಿ ಎಲ್ಲಿ?"

"ಯಾವ ಚೀಟಿ?"

"ಸರ ಕೊಟ್ಟಿದ್ದಕ್ಕೆ."

"ತಾಂಬೂಲ ಕೊಟ್ಟಿದಾನಲ್ಲಾ ರೀ. ನನ್ನ ಕೈಲಿ ಅ ಆ ಇ ಈ ತಿದ್ದಿದ ಹುಡುಗ. ತಾಂಬೂಲ ಇಸ್ಕೊಂಡು ಮೇಲೆ ಚೀಟೀನೂ ಕೇಳೋಕೆ ನಾನೇನು ನಿಮ್ಮ ಪೋಸ್ಟಾಫೀಸಾ?"

ಚನ್ನಕೇಶವಯ್ಯ ಚಪ್ಪಲಿ ಬಿಟ್ಟು ಕಾಲು ತೊಳೆಯಲು ಹೋದರು.

ಕೂಪನ್ ಹಿಡಿದು ಮೊದಲು ಚನ್ನರಾಯಪಟ್ಟಣಕ್ಕೆ ಹೋದವಳು ಎದುರು ಮನೆಯ ಕಮಲಾಕ್ಷಮ್ಮ. ಸ್ಟಾಕು ಮುಗಿದಿದೆ, ಮುಂದಿನ ವಾರ ಬನ್ನಿ ಎಂದು ಕಳಿಸಿದರು. ಮುಂದಿನ ವಾರ ಅವಳ ಜೊತೆ ಇನ್ನೂ ಕೆಲವರು ಹೋದರು. ಒಂದು ಗ್ರಾಂ ಆದರೂ ಬಂಗಾರ ತೆಗೆದುಕೊಂಡರೆ ಮಾತ್ರ ಎಂದರು. ಖರೀದಿ ಕಡ್ಡಾಯವಲ್ಲ ಎಂದು ಬರೆದಿದೆಯಲ್ಲ ಎಂದು ಕಮಲಾಕ್ಷಮ್ಮ ಬೆರಳಿಟ್ಟು ತೋರಿಸಿದಾಗ, ಕೌಂಟರಿನ ಹುಡುಗ ಕೂಪನ್ನನ್ನು ತಿರುಗಿಸಿ ನೋಡಿ, ಇದರ ಮೇಲೆ ಅಂಗಡಿಯ ಸೀಲಿಲ್ಲ ಎಂದ. ಗಣೇಶನ ಹಬ್ಬ ಕಳೆದ ಮೇಲೆ ದೇವಸ್ಥಾನದ ಮೂಲೆಯಲ್ಲಿ ಹೂವು ಮಾರುವ ಚಿಕ್ಕಲಕ್ಷ್ಮಮ್ಮ ಒಂದು ದಿನದ ವ್ಯಾಪಾರ ಬಿಟ್ಟು ಹೋದಳು. ಅವಳಿಗೆ ಸಿಕ್ಕಿದ ಉತ್ತರ ಎಲ್ಲಕ್ಕಿಂತ ಚಿಕ್ಕದು: ಇದು ನಮ್ಮ ಕೂಪನ್ನೇ ಅಲ್ಲ, ಯಾರು ಕೊಟ್ಟರೋ ಅವರನ್ನೇ ಕೇಳಿ.

ಗ್ರಹಣದ ಮರುದಿನ ಹೊಸ್ತಿಲ ಮೇಲೆ ಬಂದದ್ದು ಚಿಕ್ಕಲಕ್ಷ್ಮಮ್ಮನ ತಾಂಬೂಲ. ಹಸಿರು ಕಣವನ್ನು ಅವಳೇ ಕೇಳಿ ತೆಗೆದುಕೊಂಡಿದ್ದು ಗೋದಮ್ಮನಿಗೆ ನೆನಪಿತ್ತು.

ಮಾರನೆಯ ದಿನ ಕೆಂಪು ಕಣ ಬಂತು. ಅದರ ಮಾರನೆಯ ದಿನ ಎರಡು. ಬಾಗಿಲು ಬಡಿದವರಿಲ್ಲ, ಬೈದವರಿಲ್ಲ. ನಲ್ಲಿಯ ಹತ್ತಿರ ಸಿಕ್ಕವರು ಊಟ ಆಯಿತೇ ಎಂದು ಎಂದಿನಂತೆಯೇ ಕೇಳಿದರು. ಶುಕ್ರವಾರ ಭಜನೆಗೆ ಗೋದಮ್ಮ ಚಾಪೆ ಹಾಸಿ, ತಾಳ ತೆಗೆದಿಟ್ಟು, ದೀಪ ಹಚ್ಚಿ ಕೂತಳು. ಕಮಲಾಕ್ಷಮ್ಮನ ಮನೆಯಲ್ಲಿ ಟಿವಿ ಸದ್ದು ಕೇಳುತ್ತಿತ್ತು. ಏಳು ಗಂಟೆಯಾದರೂ ಯಾರೂ ಬರಲಿಲ್ಲ. ಶ್ರೀಗೌರಿ ತಾನೇ ಬಂದು ತಾಯಿಯ ಪಕ್ಕ ಕೂತು ಎರಡು ದೇವರನಾಮ ಹೇಳಿದಳು. ಚಾಪೆ ಸುತ್ತಿಡುವಾಗ, ಮದುವೆಗೆ ಇವರೆಲ್ಲ ಬರುತ್ತಾರೇನಮ್ಮ ಎಂದು ಕೇಳಿದಳು. ಗೋದಮ್ಮ ದೀಪದ ಬತ್ತಿ ಇಳಿಸಿದಳು.

ಜಾಹೀರಾತು ಕೊಟ್ಟು ಕೈಯೆತ್ತುವುದು ಅಪರಾಧ, ಹಾಸನದಲ್ಲಿ ಗ್ರಾಹಕರ ಆಯೋಗವಿದೆ, ಪೇಪರ್ ಕತ್ತರಿಸಿಟ್ಟು ಒಂದು ಅರ್ಜಿ ಬರೆಯುತ್ತೇನೆ ಎಂದು ಚನ್ನಕೇಶವಯ್ಯ ಹೇಳಿದರು. ಗೋದಮ್ಮ ಬೇಡವೆಂದಳು. ಕುಂಕುಮ ಭರಣಿಗೆ ಅರ್ಜಿ ಕೊಟ್ಟರೆ ಸರ ಎಲ್ಲಿ ಹೋಗುತ್ತದೆ? ಬಂಗಾರದ ಬೆಲೆ ವಾರವಾರಕ್ಕೂ ಏರುತ್ತಿತ್ತು. ಅಂಥದ್ದೇ ಇನ್ನೊಂದು ಸರ ಈ ಜನ್ಮದಲ್ಲಿ ತಮ್ಮಿಂದಾಗದು ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು.

ರಜನೀಶ್ ಫೋನ್ ಎತ್ತುತ್ತಿರಲಿಲ್ಲ. ಒಮ್ಮೆ ಎತ್ತಿದವನು, ಹಾಸನದ ಬ್ರ್ಯಾಂಚಿನ ಕೆಲಸದಲ್ಲಿದ್ದೀನಿ ಮಿಸ್, ನಾನೇ ಮಾಡ್ತೀನಿ ಎಂದು ಇಟ್ಟ. ಮಾಡಲಿಲ್ಲ. ಬುಧವಾರ ಗೋದಮ್ಮ ಚನ್ನರಾಯಪಟ್ಟಣದ ಬಸ್ಸು ಹತ್ತಿದಳು.

ಅಂಗಡಿಯ ಗಾಜಿನ ಬಾಗಿಲಿನ ಹೊರಗೆ ಕೆಲವರು ನಿಂತಿದ್ದರು. ನುಗ್ಗೇಹಳ್ಳಿ ಕಡೆಯ ಒಬ್ಬ ಗಂಡಸು ಪೇಪರಿನಿಂದ ಕತ್ತರಿಸಿದ ಕೂಪನ್ನನ್ನು ಗಾಜಿಗೆ ಒತ್ತಿ ಹಿಡಿದು, ಒಳಗಿರುವವರು ಓದಲಿ ಎಂಬಂತೆ ಸುಮ್ಮನೆ ನಿಂತಿದ್ದ. ಕಾವಲುಗಾರ ಅವನನ್ನು ಓಡಿಸುತ್ತಲೂ ಇರಲಿಲ್ಲ, ಒಳಗೆ ಬಿಡುತ್ತಲೂ ಇರಲಿಲ್ಲ. ಗೋದಮ್ಮ ಹೆಸರು ಹೇಳಿದ ಕೂಡಲೇ ಅವಳಿಗೆ ಮಾತ್ರ ಬಾಗಿಲು ತೆರೆಯಿತು.

ಒಳಗೆ ಎಲ್ಲ ದೀಪಗಳೂ ಉರಿಯುತ್ತಿದ್ದವು. ಸರ ತೊಡಿಸಿಡುವ ನೀಲಿ ಮಖಮಲ್ಲಿನ ಕತ್ತುಗಳು ಸಾಲಾಗಿ ನಿಂತಿದ್ದವು, ಹೆಚ್ಚಿನವು ಬರಿದಾಗಿದ್ದವು. ಇಬ್ಬರು ಕೂರುವ ಕಡೆ ಒಬ್ಬಳೇ ಕೂತಿದ್ದಳು, ಪ್ರೇಕ್ಷಾ ಎಂದು ಎದೆಯ ಮೇಲೆ ಹೆಸರಿನ ಪಟ್ಟಿ ಹಾಕಿಕೊಂಡ ಹುಡುಗಿ. ಪಿತೃಪಕ್ಷದಲ್ಲಿ ಯಾರು ಬಂಗಾರ ಕೊಳ್ಳುತ್ತಾರೆ, ಅದಕ್ಕೇ ಒಳಗಿಟ್ಟಿದ್ದಾರೆ ಎಂದು ಗೋದಮ್ಮ ತನಗೆ ತಾನೇ ಹೇಳಿಕೊಂಡಳು.

ರಜನೀಶ್ ಒಳಕೋಣೆಯಿಂದ ಎದ್ದು ಬಂದು ಮತ್ತೆ ಕಾಲು ಮುಟ್ಟಿದ. ಬಾದಾಮಿ ಹಾಲು ತರಿಸಿದ. ಅವಳು ಸರದ ಮಾತು ತೆಗೆಯುವ ಮೊದಲೇ ತನ್ನ ಫೋನು ಮುಂದೆ ಹಿಡಿದ. ಪರದೆಯ ಮೇಲೆ ಒಂದು ಹಾರ. ಎರಡು ಎಳೆ, ನಡುವೆ ನವಿಲಿನ ಪದಕ.

"ಪಾಲಿಶ್‌ಗೆ ಹೋಗಿದೆ ಮಿಸ್. ಇನ್ನೇನು ಬಂದುಬಿಡುತ್ತೆ. ಶ್ರೀಗೌರಿಗೆ ಒಪ್ಪುತ್ತೋ ಇಲ್ವೋ ನೀವೇ ಹೇಳಿ."

"ಒಪ್ಪುತ್ತೆ ಕಣಪ್ಪ. ಯಾವಾಗ ಕೊಡ್ತೀಯ?"

ಅವನು ಎದುರಿಗೆ ಕೂತ. ದನಿ ತಗ್ಗಿಸಿದ. ಒಂದು ಸಣ್ಣ ತೊಂದರೆಯಾಗಿದೆ ಎಂದ. ಪ್ರಿಂಟಿಂಗ್ ಪ್ರೆಸ್ಸಿನವರು ಲೆಕ್ಕಕ್ಕಿಂತ ಹೆಚ್ಚು ಕೂಪನ್ ಹೊಡೆದುಬಿಟ್ಟಿದ್ದಾರೆ, ಯಾರ್ಯಾರೋ ತರುತ್ತಿದ್ದಾರೆ, ಅಂಗಡಿಯ ಹೆಸರು ಕೆಡುತ್ತಿದೆ, ಹೆಸರು ಕೆಟ್ಟರೆ ಆಚಾರಿಗಳೂ ಕೆಲಸ ಬಿಟ್ಟು ಕೈಕಟ್ಟಿ ಕೂರುತ್ತಾರೆ, ಆಗ ಪಾಲಿಶ್‌ಗೆ ಹೋದ ಮಾಲು ಅಲ್ಲೇ ಉಳಿದುಬಿಡುತ್ತದೆ. ಇದನ್ನೆಲ್ಲ ಅವನು ಬೇಸರದಿಂದ, ಯಾರ ಮೇಲೂ ದೂರಿಲ್ಲದವನಂತೆ ಹೇಳಿದ.

"ನೀವು ಒಂದು ಮಾತು ಹೇಳಿದ್ರೆ ಸಾಕು ಮಿಸ್. ವಿಡಿಯೋ ಮಾಡಿ ಎಲ್ಲಾ ಗ್ರೂಪಿಗೂ ಹಾಕ್ತೀನಿ. ನಮ್ಮೂರಲ್ಲಿ ನಿಮ್ಮ ಮಾತು ಅಂದ್ರೆ ಮಾತು."

"ನಾನು ಏನಂತ ಹೇಳ್ಲಿ?"

"ಕೂಪನ್ ವಿಷಯದಲ್ಲಿ ಅಂಗಡೀದು ತಪ್ಪಿಲ್ಲ, ಪ್ರೆಸ್ಸಿನೋರ ಎಡವಟ್ಟು ಅಂತ. ಅಷ್ಟೇ."

"ಹೇಳ್ದೆ ಇದ್ರೆ?"

ರಜನೀಶ್ ನಕ್ಕ. ನಾಲ್ಕನೇ ತರಗತಿಯಲ್ಲೂ ಹೀಗೆಯೇ ನಗುತ್ತಿದ್ದ, ಹೋಂವರ್ಕ್ ತರದ ದಿನ. "ಹೇಳ್ದೆ ಇದ್ರೆ ಏನೂ ಇಲ್ಲ ಮಿಸ್. ನಾನು ನಿಮಗೆ ಬೇಡ ಅಂತೀನಾ? ಆಚಾರಿ ಕೊಟ್ಟಾಗ ಕೊಡ್ತೀನಿ."

ಗೋದಮ್ಮ ಹೊರಗೆ ನೋಡಿದಳು. ನುಗ್ಗೇಹಳ್ಳಿಯ ಗಂಡಸು ಈಗಲೂ ಗಾಜಿಗೆ ಕೂಪನ್ ಒತ್ತಿಕೊಂಡೇ ನಿಂತಿದ್ದ. ಅವಳು ಸೆರಗು ಸರಿಮಾಡಿಕೊಂಡಳು.

ಪ್ರೇಕ್ಷಾ ಫೋನು ಹಿಡಿದು ನಿಂತಳು. ಗೋದಮ್ಮ ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ, ಎಲ್ಲೂ ತಡವರಿಸದೆ ಹೇಳಿದಳು. ಮುಗಿಸಿದಾಗ ರಜನೀಶ್, ಕೊನೆಗೆ ಒಂದೇ ಒಂದು ವಾಕ್ಯ ಸೇರಿಸಿ ಮಿಸ್ ಎಂದ. ನನ್ನ ಮಗಳ ಮದುವೆಯ ಒಡವೆಯನ್ನೂ ಇಲ್ಲಿಯೇ ಕೊಟ್ಟಿದ್ದೇನೆ ಎಂದು. ಅದು ಸುಳ್ಳಲ್ಲವಲ್ಲ. ಅವಳು ಅದನ್ನೂ ಹೇಳಿದಳು. ಆ ವಿಡಿಯೋದಲ್ಲಿ ಪೂರ್ತಿ ನಿಜವಾಗಿದ್ದ ವಾಕ್ಯ ಅದೊಂದೇ.

ಒಡವೆ ಶನಿವಾರ ಮನೆಗೇ ಬರುತ್ತದೆ ಎಂದು ರಜನೀಶ್ ಹೇಳಿದ. ಬಾಗಿಲವರೆಗೆ ಬಿಡಲು ಬಂದ ಪ್ರೇಕ್ಷಾ ಒಂದು ಕ್ಷಣ ಹಿಂದೆ ನೋಡಿ, "ದಸರಾ ಮುಗಿಯೋದ್ರೊಳಗೆ ನೀವೇ ಬಂದು ಇಸ್ಕೊಂಡು ಹೋಗಿ ಆಂಟಿ," ಎಂದಳು. ಯಾಕೆ ಎಂದು ಗೋದಮ್ಮ ಕೇಳುವಷ್ಟರಲ್ಲಿ ಗಾಜಿನ ಬಾಗಿಲು ಮುಚ್ಚಿತ್ತು.

ಬಸ್ ನಿಲ್ದಾಣದ ಎದುರು ಹೊನ್ನಕಳಶದ ದೊಡ್ಡ ಫ್ಲೆಕ್ಸ್ ಇತ್ತು. ಬೆಳಿಗ್ಗೆ ಬರುವಾಗ ಬಿಸಿಲು ಕಣ್ಣಿಗೆ ಹೊಡೆದು ಅವಳು ಅದನ್ನು ಗಮನಿಸಿರಲಿಲ್ಲ. ಈಗ ಬಸ್ಸಿನ ಕಿಟಕಿಯಿಂದ ನೋಡಿದಳು. ಯಾರೋ ರೂಪದರ್ಶಿ, ನಗು, ಕೊರಳಲ್ಲಿ ಎರಡೆಳೆಯ ಹಾರ, ನಡುವೆ ನವಿಲಿನ ಪದಕ. ಫೋನಿನಲ್ಲಿ ನೋಡಿದ್ದ ಹಾರ ಅದೇ. ಫ್ಲೆಕ್ಸಿನ ಮೂಲೆ ಬಿಸಿಲಿಗೆ ಬಿಳಿಚಿಕೊಂಡಿತ್ತು, ಕಟ್ಟಿ ತಿಂಗಳುಗಳೇ ಆಗಿರಬೇಕು. ಒಂದೇ ಮಾದರಿಯಲ್ಲಿ ಎಷ್ಟೋ ಹಾರ ಮಾಡುತ್ತಾರೆ ಎಂದುಕೊಂಡಳು. ಬಸ್ಸು ಹೊರಟಿತು. ಊರು ಬರುವವರೆಗೂ ಆ ಮಾತನ್ನೇ ಅಂದುಕೊಳ್ಳುತ್ತ ಕೂತಳು.

ಅವಳಿಗಿಂತ ಮೊದಲೇ ವಿಡಿಯೋ ಹೊಳೆನರಸೀಪುರ ಸೇರಿತ್ತು. ಮರುದಿನ ಹೊಸ್ತಿಲು ಖಾಲಿಯಿತ್ತು. ಕಮಲಾಕ್ಷಮ್ಮ ಕೋಸಂಬರಿ ಹಿಡಿದು ಬಂದಳು. ಟಿವಿ ಸದ್ದಿನಲ್ಲಿ ಭಜನೆಯ ಹೊತ್ತೇ ಗೊತ್ತಾಗಲಿಲ್ಲ ಎಂದಳು. ಶುಕ್ರವಾರ ಚಾಪೆ ಸಾಲಲಿಲ್ಲ. ಚನ್ನಕೇಶವಯ್ಯ ಮಾತ್ರ ವಿಡಿಯೋವನ್ನು ಒಂದು ಸಲ ನೋಡಿ, ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು.

ಶನಿವಾರ ಒಡವೆ ಬರಲಿಲ್ಲ. ನಾಳೆ ಎಂದ. ಆಮೇಲೆ ನವರಾತ್ರಿ ಶುರುವಾಗಲಿ, ಒಳ್ಳೆ ದಿನ ಕೊಡುತ್ತೇನೆ ಎಂದ.

ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ಬೆಳಿಗ್ಗೆ ಚಿಕ್ಕಲಕ್ಷ್ಮಮ್ಮ ಬಂದಳು. ಮೊಳ ಹಾಕದೆಯೇ ಕೈಗೆ ಬಂದಷ್ಟು ಸೇವಂತಿಗೆ ಮಾಲೆಯನ್ನು ಎಲೆಯಲ್ಲಿ ಸುತ್ತಿ ತಂದಿದ್ದಳು. ಜಗಲಿಯ ಮೇಲೆ ಕೂರಲಿಲ್ಲ, ಮೆಟ್ಟಿಲ ಕೆಳಗೇ ನಿಂತಳು.

"ಅವತ್ತು ಎಲೆ ಮಡಗಿ ಓಗಿದ್ದು ನಾನೇ ಕಣಮ್ಮೋರೆ. ತೆಪ್ಪಾಯ್ತು. ಒಟ್ಟೆಗೆ ಆಕ್ಕೋಬುಡಿ."

"ಇರ್ಲಿ ಬಿಡು ಚಿಕ್ಕಲಕ್ಷ್ಮೀ."

"ಅಂಗಲ್ಲ, ನೀವು ಮೊಬೈಲ್ನಾಗೆ ಯೋಳುದ್ರಲ್ಲ, ನಮ್ಮನೇವ್ರು ಅದುನ್ನ ಮೂರು ಕಿತ ಆಕ್ಸಿ ಕೇಳುದ್ರು." ಅವಳು ಸೊಂಟದ ಎಲೆಯಡಿಕೆ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಒಂದು ಜೊತೆ ಓಲೆ, ಒಂದು ಗುಂಡಿನ ಸರ. "ನಮ್ಮವ್ವಂದು. ಸರ ಪಿಸ್ದೋಗದೆ. ದಸರಾಕ್ಕೆ ಆ ಅಂಗ್ಡೀಲಿ ಅಳೇದು ಕೊಟ್ರೆ ಮಜೂರಿ ಇಲ್ದಂಗೆ ಒಸಾದು ಮಾಡ್ಕೊಡ್ತಾರಂತೆ. ಸೊಸೆ ಬಸ್ರಿ, ಅವ್ಳಿಗೆ ಆಕವಾ ಅಂತ. ನಿಮ್ಮುನ್ನ ಒಂದು ಮಾತು ಕೇಳ್ಬುಟ್ಟೇ ಓಗಾನ ಅಂತ ಬಂದೆ. ಕೊಡ್ಲಾ, ಬ್ಯಾಡ್ವಾ?"

ಗೋದಮ್ಮನ ಕೈಯಲ್ಲಿ ಸೇವಂತಿಗೆ ಮಾಲೆ ತಣ್ಣಗಿತ್ತು. ಬೇಡ ಎಂದು ಹೇಳಲು ಒಂದೇ ಮಾತು ಸಾಕು. ಆ ಒಂದು ಮಾತು ಮಧ್ಯಾಹ್ನದೊಳಗೆ ಪೇಟೆ ಮುಟ್ಟುತ್ತದೆ, ಸಂಜೆಯೊಳಗೆ ಚನ್ನರಾಯಪಟ್ಟಣ. ಆಮೇಲೆ ಆಚಾರಿ ಯಾವಾಗ ಕೊಡುತ್ತಾನೋ ಆಗ. ಒಳಗೆ ಶ್ರೀಗೌರಿ ಲಗ್ನಪತ್ರಿಕೆಯ ಕರಡನ್ನು ಗಟ್ಟಿಯಾಗಿ ಓದಿ ತಂದೆಗೆ ಕೇಳಿಸುತ್ತಿದ್ದಳು.

"ನಿಮ್ದು ಅಲ್ಲೇ ಐತಲ್ವಾ ಅಮ್ಮೋರೆ?" ಎಂದು ಚಿಕ್ಕಲಕ್ಷ್ಮಮ್ಮ ಮತ್ತೆ ಕೇಳಿದಳು.

"ನಮ್ಮದು ಅಲ್ಲೇ ಇದೆ," ಎಂದಳು ಗೋದಮ್ಮ.

"ಅಂಗಾರೆ ಸರಿ." ಚಿಕ್ಕಲಕ್ಷ್ಮಮ್ಮ ಗಂಟು ಕಟ್ಟಿದಳು. ಹನ್ನೊಂದರ ಬಸ್ಸಿಗೆ ಹೋಗುತ್ತೇನೆ, ಹೂವಿನ ಬುಟ್ಟಿ ನೋಡಿಕೊಳ್ಳಲು ಗಂಡ ಬೈರಯ್ಯನನ್ನು ಕೂರಿಸಿದ್ದೇನೆ ಎಂದಳು. ಮೂಲೆ ತಿರುಗುವ ಮುಂಚೆ ಒಮ್ಮೆ ನಿಂತು, ಸೊಂಟದ ಚೀಲವನ್ನು ಮುಟ್ಟಿ ನೋಡಿಕೊಂಡಳು. ಗೋದಮ್ಮ ಜಗಲಿಯಿಂದ ಅದನ್ನು ನೋಡಿದಳು. ಕೂಗಿ ಕರೆದರೆ ಕೇಳುವಷ್ಟು ಹತ್ತಿರವಿತ್ತು.

ಆ ನವರಾತ್ರಿಯಲ್ಲಿ ಹೊನ್ನಕಳಶಕ್ಕೆ ಹಳೆಯ ಬಂಗಾರ ಕೊಟ್ಟವರು ಹೊಳೆನರಸೀಪುರದವರಷ್ಟೇ ಅಲ್ಲ. ಅರಕಲಗೂಡಿನಿಂದ, ಗೊರೂರಿನಿಂದ ಹೋದರು. ಕಾವಲುಗಾರ ಎಲ್ಲರಿಗೂ ಬಾಗಿಲು ತೆರೆದ. ಒಬ್ಬೊಬ್ಬರಿಗೂ ರಜನೀಶ್ ಎರಡೂ ಕೈಯಿಂದ ತಾಂಬೂಲ ಕೊಟ್ಟನಂತೆ. ಚೀಟಿ ಕೇಳಿದವರಿಗೆ ದಸರಾ ಗದ್ದಲ, ಕಂಪ್ಯೂಟರ್ ಕೆಲಸ ಮಾಡುತ್ತಿಲ್ಲ ಎಂದರಂತೆ. ಕೇಳಿದವರೇ ಕಡಿಮೆ. ಗೋದಮ್ಮ ಆಯುಧಪೂಜೆಯ ಹಿಂದಿನ ದಿನ ಹೋಗಬೇಕೆಂದಿದ್ದಳು. ಆ ದಿನ ಬೀಗರು ಲಗ್ನಪತ್ರಿಕೆ ನೋಡಲು ಬರುತ್ತೇವೆಂದರು, ಹೋಗಲಾಗಲಿಲ್ಲ. ಬೀಗಿತ್ತಿ ಕಾಮಾಕ್ಷಮ್ಮ ಊಟ ಮಾಡಿ ಕೈ ತೊಳೆಯುತ್ತ, ಹಾರ ಬಂತೇ, ಒಮ್ಮೆ ನೋಡಬಹುದಿತ್ತು ಎಂದು ಕೇಳಿದರು. ಪಾಲಿಶ್‌ಗೆ ಹೋಗಿದೆ ಎಂದು ಗೋದಮ್ಮ ಉತ್ತರ ಕೊಟ್ಟಳು.

ವಿಜಯದಶಮಿ ಕಳೆದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹೊನ್ನಕಳಶದ ಷಟರ್ ತೆರೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಸ್ತೆ ತುಂಬಿತ್ತು. ಚನ್ನಕೇಶವಯ್ಯ ಹೆಂಡತಿಯನ್ನು ಕರೆದುಕೊಂಡು ಹೋದಾಗ ಪೊಲೀಸರು ಬೀಗ ಒಡೆಸಿದ್ದರು. ಒಳಗೆ ನೀಲಿ ಮಖಮಲ್ಲಿನ ಕತ್ತುಗಳು ಹಾಗೆಯೇ ನಿಂತಿದ್ದವು. ಒಂದರ ಮೇಲೂ ಏನೂ ಇರಲಿಲ್ಲ. ಮೆಟ್ಟಿಲ ಬಳಿ ಚಿಕ್ಕಲಕ್ಷ್ಮಮ್ಮ ಕೂತಿದ್ದಳು. ಗೋದಮ್ಮ ಹತ್ತಿರ ಹೋಗಿ ನಿಂತಳು, ಭುಜ ಮುಟ್ಟಿದಳು.

ಚಿಕ್ಕಲಕ್ಷ್ಮಮ್ಮ ತಲೆಯೆತ್ತಿ ಅವಳ ಬರಿಯ ಕೈಗಳನ್ನು ನೋಡಿದಳು.

"ನಿಮ್ದೂ ಅಲ್ಲೇ ಇತ್ತಾ ಅಮ್ಮೋರೆ, ಇಲ್ಲಾ ಅಂಗೇ ಯೋಳುದ್ರಾ?"

ಗೋದಮ್ಮ ತನ್ನ ಬಳಿ ಚೀಟಿಯಿಲ್ಲ ಎಂಬುದನ್ನು ಆಗ ಮೊದಲ ಬಾರಿ ಬೇರೆ ರೀತಿಯಲ್ಲಿ ಅರ್ಥಮಾಡಿಕೊಂಡಳು. ಸರ ಕೊಟ್ಟಿದ್ದಕ್ಕೆ ಸಾಕ್ಷಿಯೇ ಇರಲಿಲ್ಲ. ವಿಡಿಯೋಗೆ ಮಾತ್ರ ಊರೇ ಸಾಕ್ಷಿ.

ಸಂಜೆ ಠಾಣೆಯಲ್ಲಿ ಕೊಟ್ಟ ದೂರಿಗೆ ಮೊದಲ ಹೆಬ್ಬೆಟ್ಟು ಚಿಕ್ಕಲಕ್ಷ್ಮಮ್ಮನದು, ಅದರ ಕೆಳಗಿನ ಸಹಿ ಕಮಲಾಕ್ಷಮ್ಮನದು. ಆರೋಪಿಗಳು ಇಬ್ಬರು: ತಲೆಮರೆಸಿಕೊಂಡಿರುವ ರಜನೀಶ್, ಮತ್ತು ಜನರನ್ನು ನಂಬಿಸಿದ ನಿವೃತ್ತ ಶಿಕ್ಷಕಿ ಗೋದಮ್ಮ. ಬುಧವಾರದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಎರಡು ಹೆಸರೂ ಅಚ್ಚಾದವು.

ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಅರಕಲಗೂಡಿನಿಂದ ಬೀಗರ ಕಡೆಯ ಇಬ್ಬರು ಗಂಡಸರು ಬಂದರು. ಶ್ರೀಗೌರಿ ತಂದ ನೀರನ್ನು ಅವರು ಮುಟ್ಟಲಿಲ್ಲ. ಬಟ್ಟೆ ಮುಚ್ಚಿ ತಂದಿದ್ದ ತಟ್ಟೆಯನ್ನು ಜಗಲಿಯ ಮೇಲಿಟ್ಟು, ಒಂಬತ್ತೂವರೆಯ ಬಸ್ಸಿಗೆ ಹಿಂದಿರುಗಿದರು.